ಮನೆಯ ಸೆಟಪ್‌ನಲ್ಲೇ ಹೆಚ್ಚು ಬಿಯರ್ ತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬ್ಯಾಚಿಗೆ 19–20 ಲೀಟರ್ ಸಾಲದು ಅನ್ನಿಸಿದಾಗ ಹೆಚ್ಚಿನವರು ಮೊದಲು ಹುಡುಕುವುದು ದೊಡ್ಡ ಕೆಟಲನ್ನು (ಕುದಿಸುವ ಪಾತ್ರೆ). ಅದು ಕೊನೆಗೆ ಮಾಡಬೇಕಾದ ಕೆಲಸ. ಕೆಟಲ್ ದೊಡ್ಡದಾದರೆ ಬರ್ನರ್ ಸಾಲುವುದಿಲ್ಲ, ಕೂಲಿಂಗ್ ಕಾಯಿಲ್ ಸಾಲುವುದಿಲ್ಲ, ಫರ್ಮೆಂಟರ್ (ಹುದುಗಿಸುವ ಪಾತ್ರೆ) ಹಿಡಿಸುವುದಿಲ್ಲ. ಒಂದನ್ನು ಬದಲಿಸಲು ಹೋಗಿ ಇಡೀ ಸೆಟಪ್ಪನ್ನೇ ಬದಲಿಸಬೇಕಾಗುತ್ತದೆ. ಈಗಿರುವ ಪಾತ್ರೆಗಳಲ್ಲೇ ಪ್ರತಿ ಬ್ಯಾಚಿಗೆ ಐದಾರು ಲೀಟರ್ ಹೆಚ್ಚು ತೆಗೆಯಲು ಸಾಧ್ಯ. ಅದನ್ನು ಮಾಡಿ ನೋಡಿದ ಮೇಲೂ ಸಾಲದಿದ್ದರೆ ಮಾತ್ರ ಹೊಸ ಪಾತ್ರೆಯ ಮಾತು.

ಒಂದು ಎಚ್ಚರಿಕೆ: ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಇದೆಯೇ, ಇದ್ದರೆ ವರ್ಷಕ್ಕೆ ಎಷ್ಟು ಲೀಟರ್ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಪ್ರಮಾಣ ಹೆಚ್ಚಿಸುವ ಮೊದಲು ನಿಮ್ಮಲ್ಲಿನ ಕಾನೂನನ್ನು ನೋಡಿಕೊಳ್ಳಿ.

ಮೊದಲು ಲೆಕ್ಕ

ಮುಂದಿನ ಬ್ಯಾಚ್ ಮಾಡುವಾಗ ಐದು ಕಡೆ ಅಳತೆ ಬರೆದಿಡಿ: ಕುದಿಸುವ ಮೊದಲು ಕೆಟಲ್‌ನಲ್ಲಿದ್ದ ವರ್ಟ್ (ಮಾಲ್ಟ್ ಎಂಬ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ ಬಸಿದ ಸಿಹಿ ದ್ರವ), ಕುದಿಸಿದ ಮೇಲೆ ಉಳಿದದ್ದು, ಫರ್ಮೆಂಟರ್‌ಗೆ ಇಳಿದದ್ದು, ಅಲ್ಲಿನ ಗ್ರಾವಿಟಿ (ನೀರನ್ನು 1.000 ಎಂದಿಟ್ಟರೆ ವರ್ಟಿನ ಸಾಂದ್ರತೆ), ಕೊನೆಗೆ ಬಾಟಲಿಗೋ ಕೆಗ್‌ಗೋ (ಲೋಹದ ಪೀಪಾಯಿ) ಸೇರಿದ ಬಿಯರ್. ಕೆಟಲ್‌ನೊಳಗೆ ಇಳಿಬಿಡಲು ಒಂದು ಸ್ಟೀಲ್ ಪಟ್ಟಿ ಸಾಕು. ಒಂದೊಂದೇ ಲೀಟರ್ ನೀರು ಸುರಿದು ಅದರ ಮೇಲೆ ಗೆರೆ ಹಾಕಿಕೊಳ್ಳಿ.

ಸಾಧಾರಣ ಸೆಟಪ್ ಒಂದರ ಲೆಕ್ಕ ಹೀಗಿರುತ್ತದೆ. ಕುದಿ ಮುಗಿದಾಗ ಬಿಸಿ ವರ್ಟ್ 25 ಲೀಟರ್. ತಣ್ಣಗಾದಾಗ ಶೇ. 4ರಷ್ಟು ಕುಗ್ಗಿ 24 ಆಗುತ್ತದೆ. ಇದು ನಷ್ಟವಲ್ಲ, ಅಳತೆಯ ವ್ಯತ್ಯಾಸ ಅಷ್ಟೇ. ಕೆಟಲ್ ತಳದ ಮಡ್ಡಿಯಲ್ಲಿ, ನಲ್ಲಿಯ ಕೆಳಗೆ 2 ಲೀಟರ್ ಉಳಿದು ಫರ್ಮೆಂಟರ್‌ಗೆ ಇಳಿಯುವುದು 22. ಅಲ್ಲಿ ಯೀಸ್ಟ್ ಗಸಿಯೊಡನೆ ಒಂದೂವರೆ-ಎರಡು ಲೀಟರ್ ಹೋಗುತ್ತದೆ. ಪೈಪಿನಲ್ಲಿ, ಗ್ರಾವಿಟಿ ಅಳೆಯುವ ಹೈಡ್ರೋಮೀಟರ್‌ನ ಸ್ಯಾಂಪಲ್‌ಗಳಲ್ಲಿ ಅರ್ಧ ಲೀಟರ್. ಕೈಗೆ ಬಂದದ್ದು 19.5. ತಣ್ಣಗಾದ ವರ್ಟಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಚರಂಡಿ ಸೇರಿತು ಎಂದಾಯಿತು.

ಮಡ್ಡಿಯಲ್ಲಿ ಉಳಿಯುವುದನ್ನು ತೆಗೆಯುವುದು

ಕೆಟಲ್‌ಗೆ ನೀರು ತುಂಬಿ ನಲ್ಲಿ ತೆರೆದು, ತಾನಾಗಿ ಹರಿಯುವುದು ನಿಂತ ಮೇಲೆ ಉಳಿದ ನೀರನ್ನು ಅಳೆಯಿರಿ. ಅದು ಒಂದು ಲೀಟರ್‌ಗಿಂತ ಹೆಚ್ಚಿದ್ದರೆ ನಲ್ಲಿಯ ಒಳಬದಿಗೆ ತಳದತ್ತ ಬಾಗಿದ ಸ್ಟೀಲ್ ಕೊಳವೆ ಹಾಕಿ. ಕೊಳವೆಯ ಬಾಯಿ ಕೆಟಲ್‌ನ ಅಂಚಿನ ಬಳಿಯೇ ಇರಲಿ, ನಡುವಿನಲ್ಲಿ ಬೇಡ. ಒಲೆ ಆರಿಸಿ ಸೌಟಿನಿಂದ ಜೋರಾಗಿ ಒಂದೇ ದಿಕ್ಕಿನಲ್ಲಿ ತಿರುವಿ 15–20 ನಿಮಿಷ ಬಿಟ್ಟರೆ ಮಡ್ಡಿ ನಡುವಿನಲ್ಲಿ ಗುಪ್ಪೆಯಾಗಿ ಕೂರುತ್ತದೆ. ಅಂಚಿನಿಂದ ತಿಳಿ ವರ್ಟ್ ಬರುತ್ತದೆ. ಕುದಿಯ ಕೊನೆಯ 10–15 ನಿಮಿಷ ಇರುವಾಗ ಐರಿಷ್ ಮಾಸ್ (ಒಂದು ಕಡಲಕಳೆ) ಅಥವಾ ವರ್ಲ್‌ಫ್ಲಾಕ್ ಹಾಕಿದರೆ ಪ್ರೋಟೀನ್ ಒಟ್ಟುಗೂಡಿ ಗುಪ್ಪೆ ಗಟ್ಟಿಯಾಗುತ್ತದೆ. 20 ಲೀಟರ್‌ಗೆ ಅರ್ಧ ವರ್ಲ್‌ಫ್ಲಾಕ್ ಮಾತ್ರೆ ಸಾಕು. ಹೆಚ್ಚು ಹಾಕಿದರೆ ಮಡ್ಡಿ ಹಗುರವಾಗಿ ಉಬ್ಬಿ ಇನ್ನಷ್ಟು ವರ್ಟ್ ಹಿಡಿದುಕೊಳ್ಳುತ್ತದೆ.

ಹಾಪ್ಸ್ (ಕಹಿ ಮತ್ತು ಸುವಾಸನೆಗೆ ಹಾಕುವ ಹೂವು) ವರ್ಟ್ ಕುಡಿಯುವುದೂ ಕಡಿಮೆಯಲ್ಲ. 100 ಗ್ರಾಂ ಪೆಲೆಟ್ (ಹಾಪ್ಸ್ ಒತ್ತಿ ಮಾಡಿದ ಗುಳಿಗೆ) ಅರ್ಧದಿಂದ ಒಂದು ಲೀಟರ್‌ವರೆಗೆ ಹೀರಿಕೊಂಡು ತಳ ಸೇರುತ್ತದೆ. ಇಡೀ ಹೂವಾದರೆ ಇನ್ನೂ ಹೆಚ್ಚು. ಕಹಿಗಾಗಿ ಹಾಕುವ ಮೊದಲ ಕಂತಿಗೆ ಕಹಿ ಕೊಡುವ ಆಲ್ಫಾ ಆಮ್ಲ ಹೆಚ್ಚಿರುವ ತಳಿ ಆರಿಸಿದರೆ ಅದೇ ಕಹಿ ಅರ್ಧ ತೂಕದಲ್ಲಿ ಸಿಗುತ್ತದೆ.

ಫರ್ಮೆಂಟರ್‌ನಲ್ಲಿ ಉಪಾಯ ಇನ್ನೂ ಸುಲಭ. ಹುದುಗುವಿಕೆ ಪೂರ್ತಿ ಮುಗಿದ ಮೇಲೆ ಎರಡು ದಿನ 1–2 ಡಿಗ್ರಿಯಲ್ಲಿ ಇಡಿ. ಗಂಜಿಯಂತಿದ್ದ ಗಸಿ ಗಟ್ಟಿಯಾಗಿ ಕೂರುತ್ತದೆ; ಮೇಲಿನ ಬಿಯರನ್ನು ತಳದ ತನಕ ಸೆಳೆಯಬಹುದು. ಅರ್ಧ ಲೀಟರ್‌ನಷ್ಟಾದರೂ ಉಳಿತಾಯವಾಗುತ್ತದೆ. ತಂಪಾಗುವಾಗ ಫರ್ಮೆಂಟರ್ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ (ಅನಿಲವನ್ನು ಹೊರಗೆ ಬಿಡುವ ನೀರಿನ ಕವಾಟ) ನೀರನ್ನೂ ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಏರ್‌ಲಾಕ್ ತೆಗೆದು ಬಾಯಿ ಮುಚ್ಚಿ, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನ್ ಕಟ್ಟಿ.

ಅದೇ ಮಾಲ್ಟಿನಿಂದ ಹೆಚ್ಚು ಸಕ್ಕರೆ

ಒಳ್ಳೆಯ ಪೇಲ್ (ತಿಳಿ ಬಣ್ಣದ) ಮಾಲ್ಟ್ ಒಂದು ಕೆಜಿಗೆ ಹೆಚ್ಚೆಂದರೆ ಸುಮಾರು 300 ಪಾಯಿಂಟ್ ಕೊಡಬಲ್ಲದು. 1.048 ಗ್ರಾವಿಟಿಯ ಒಂದು ಲೀಟರ್ ವರ್ಟ್ ಅಂದರೆ 48 ಪಾಯಿಂಟ್. 5 ಕೆಜಿಯಲ್ಲಿ 1500 ಪಾಯಿಂಟ್ ಇದೆ. ಅದರಲ್ಲಿ ಶೇ. 70 ಫರ್ಮೆಂಟರ್ ಸೇರಿದರೆ 1050. ಅದನ್ನು 48ರಿಂದ ಭಾಗಿಸಿದರೆ 22 ಲೀಟರ್. ಶೇ. 80 ಸೇರಿದರೆ 25 ಲೀಟರ್. ಮಾಲ್ಟ್ ಒಂದು ಮುಷ್ಟಿಯೂ ಹೆಚ್ಚದೆ 3 ಲೀಟರ್ ಬಿಯರ್ ಬಂತು.

ಈ ಶೇಕಡಾ ಪ್ರಮಾಣ, ಅಂದರೆ ದಕ್ಷತೆ, ಕಡಿಮೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಗಿರಣಿಯನ್ನು. ಪುಡಿಮಾಡಿದ ಮಾಲ್ಟನ್ನು ಅಂಗೈ ಮೇಲೆ ಹರಡಿ ನೋಡಿ. ಒಂದೇ ಒಂದು ಇಡೀ ಕಾಳು ಕಂಡರೂ ರೋಲರ್ ಅಂತರ ದೊಡ್ಡದಿದೆ. ಸಿಪ್ಪೆ ಉದ್ದಕ್ಕೆ ಸೀಳಿರಬೇಕು, ಹುಡಿಯಾಗಿರಬಾರದು. ಒಳಗಿನ ಬಿಳಿ ಭಾಗ ತರಿಯಾಗಿರಬೇಕು. ಅಂತರ 1.2 ಮಿಮೀ ಇದ್ದರೆ 1.0ಕ್ಕೆ ಇಳಿಸಿ, ಒಂದು ಬ್ಯಾಚ್ ನೋಡಿ, ಆಮೇಲೆ 0.9. ಚೀಲದಲ್ಲಿ ಮ್ಯಾಶ್ ಮಾಡುವವರು (ಅಂದರೆ ಪುಡಿ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವವರು) 0.7–0.8ಕ್ಕೂ ಇಳಿಸಬಹುದು, ಬಸಿಯುವ ಕೆಲಸವನ್ನು ಅಲ್ಲಿ ಬಟ್ಟೆಯೇ ಮಾಡುತ್ತದೆ. ಜಾಲರಿ ಹಾಕಿದ ಮ್ಯಾಶ್ ಟನ್‌ನಲ್ಲಿ (ಮ್ಯಾಶ್ ಮಾಡುವ ಪಾತ್ರೆ) ಅಷ್ಟು ನುಣ್ಣಗೆ ಮಾಡಿದರೆ ಹರಿವು ಕಟ್ಟಿಕೊಳ್ಳುತ್ತದೆ. ಹಾಗೆ ಆಗುವ ಲಕ್ಷಣವಿದ್ದರೆ, ಅದರಲ್ಲೂ ಗೋಧಿ ಅಥವಾ ಓಟ್ಸ್ ಹೆಚ್ಚಿದ್ದರೆ, ಧಾನ್ಯದ ತೂಕದ ಶೇ. 3–5ರಷ್ಟು ಭತ್ತದ ಹೊಟ್ಟು ಸೇರಿಸಿ.

ಎರಡನೆಯದು ಪಿಎಚ್. ಮ್ಯಾಶ್‌ನಿಂದ ಒಂದು ಚಮಚ ತೆಗೆದು ತಣ್ಣಗಾಗಿಸಿ ಅಳೆದಾಗ 5.2–5.6ರ ನಡುವೆ ಇರಬೇಕು. ಬರೀ ಪೇಲ್ ಮಾಲ್ಟ್, ಜೊತೆಗೆ ಗಡಸು ನೀರು ಎಂದಾದರೆ ಇದಕ್ಕಿಂತ ಮೇಲೇ ಇರುತ್ತದೆ. ಲ್ಯಾಕ್ಟಿಕ್ ಆಮ್ಲ ಒಂದು ಮಿಲಿ ಹಾಕಿ, ಚೆನ್ನಾಗಿ ಕಲಸಿ, ಮತ್ತೆ ಅಳೆಯಿರಿ. ಒಮ್ಮೆಗೇ ಸುರಿಯಬೇಡಿ.

ಮೂರನೆಯದು ತೊಳೆಯುವ ನೀರು. ಧಾನ್ಯ ಕೆಜಿಗೆ ಸುಮಾರು ಒಂದು ಲೀಟರ್ ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಆ ಲೀಟರ್ ಸಕ್ಕರೆ ನೀರೇ. ಬ್ಯಾಚ್ ಸ್ಪಾರ್ಜ್ (ಬಸಿದ ಧಾನ್ಯಕ್ಕೆ ಒಮ್ಮೆಗೇ ನೀರು ಹಾಕಿ ತೊಳೆದು ಮತ್ತೆ ಬಸಿಯುವುದು) ಮಾಡುವುದಾದರೆ ಮೊದಲ ಬಸಿತವೂ ಎರಡನೆಯದೂ ಹೆಚ್ಚುಕಡಿಮೆ ಸಮ ಇರುವಂತೆ ನೀರು ಹಂಚಿ. 5 ಕೆಜಿಗೆ 17 ಲೀಟರ್‌ನಲ್ಲಿ ಮ್ಯಾಶ್ ಮಾಡಿದರೆ 12 ಬಸಿಯುತ್ತದೆ. ಆಮೇಲೆ 13 ಲೀಟರ್ ನೀರು ಹಾಕಿ ಪೂರ್ತಿ ಕಲಸಿ, 10 ನಿಮಿಷ ಬಿಟ್ಟು ಬಸಿಯಿರಿ. ಒಟ್ಟು 25. ಸ್ಪಾರ್ಜ್ ನೀರು 75–77 ಡಿಗ್ರಿ ಇರಲಿ. ಮೇಲಿನಿಂದ ನಿಧಾನವಾಗಿ ನೀರು ಬಿಡುವ ವಿಧಾನವಾದರೆ ಹರಿದು ಬರುವ ವರ್ಟ್ 1.010ಕ್ಕೆ ಇಳಿದಾಗ ನಿಲ್ಲಿಸಿ. ಅದರ ಆಚೆ ಪಿಎಚ್ ಏರುತ್ತದೆ, ಸಿಪ್ಪೆಯ ಟ್ಯಾನಿನ್ ಕರಗಿ ಬಾಯಿ ಒಗರಾಗುವ ಬಿಯರ್ ಬರುತ್ತದೆ. ಆ ಕೊನೆಯ ಲೀಟರ್‌ಗಾಗಿ ಇಡೀ ಬ್ಯಾಚಿನ ರುಚಿ ಕೆಡಿಸುವುದು ಬೇಡ.

ಮ್ಯಾಶ್ 65–67 ಡಿಗ್ರಿಯಲ್ಲಿ 60 ನಿಮಿಷ ಕಳೆದ ಮೇಲೂ ಪಿಷ್ಟವೆಲ್ಲ ಸಕ್ಕರೆಯಾಯಿತೇ ಎಂಬ ಅನುಮಾನವಿದ್ದರೆ ಬಿಳಿ ತಟ್ಟೆಯಲ್ಲಿ ಒಂದು ಹನಿ ವರ್ಟ್, ಒಂದು ಹನಿ ಅಯೋಡಿನ್. ನೀಲಿ-ಕಪ್ಪಾದರೆ ಪಿಷ್ಟ ಇನ್ನೂ ಉಳಿದಿದೆ, ಮತ್ತೆ 15 ನಿಮಿಷ ಬಿಡಿ. ಆ ಹನಿಯನ್ನು ಚೆಲ್ಲಿಬಿಡಿ, ಮ್ಯಾಶ್‌ಗೆ ಮರಳಿ ಸೇರಿಸಬಾರದು.

ಗಟ್ಟಿ ವರ್ಟ್ ಕಾಯಿಸಿ ನೀರು ಬೆರೆಸುವುದು

ಪಾತ್ರೆ ಬದಲಿಸದೆ ಅತಿ ಹೆಚ್ಚು ಲಾಭ ಕೊಡುವ ವಿಧಾನ ಇದೇ. ದೊಡ್ಡ ಬ್ರೂವರಿಗಳೂ ಇದನ್ನು ನಿತ್ಯ ಮಾಡುತ್ತವೆ. ಕೆಟಲ್‌ನಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾದ ವರ್ಟ್ ಮಾಡಿ, ಫರ್ಮೆಂಟರ್‌ನಲ್ಲಿ ನೀರು ಸೇರಿಸಿ ಹದಕ್ಕೆ ತರುವುದು.

ಸೂತ್ರ ಸರಳ: ವರ್ಟಿನ ಲೀಟರ್ × ಅದರ ಪಾಯಿಂಟ್ ÷ ಬೇಕಾದ ಪಾಯಿಂಟ್ = ಕೊನೆಯ ಲೀಟರ್. ನಿಮ್ಮ ಕೆಟಲ್‌ನಿಂದ ಫರ್ಮೆಂಟರ್‌ಗೆ 18 ಲೀಟರ್ ಮಾತ್ರ ಇಳಿಯುತ್ತದೆ ಎನ್ನಿ. ಅದನ್ನು 1.064ಕ್ಕೆ ಮಾಡಿದರೆ 18 × 64 = 1152. ಅದನ್ನು 48ರಿಂದ ಭಾಗಿಸಿದರೆ 24. ಅಂದರೆ 6 ಲೀಟರ್ ನೀರು ಸೇರಿಸಿ 1.048ರ 24 ಲೀಟರ್ ಮಾಡಬಹುದು.

ಮಾಲ್ಟ್ ಎಷ್ಟು ಬೇಕು? ಗಟ್ಟಿ ಮ್ಯಾಶ್‌ನಲ್ಲಿ ಧಾನ್ಯ ಹೆಚ್ಚು, ತೊಳೆಯುವ ನೀರು ಕಡಿಮೆ, ದಕ್ಷತೆ ಕುಸಿಯುತ್ತದೆ. ಶೇ. 70 ಬರುತ್ತಿದ್ದ ಸೆಟಪ್‌ನಲ್ಲಿ 65 ಎಂದು ಹಿಡಿಯಿರಿ. 1152ನ್ನು 195ರಿಂದ ಭಾಗಿಸಿದರೆ 5.9 ಕೆಜಿ. ಇದು ಮ್ಯಾಶ್ ಟನ್‌ನಲ್ಲಿ ಹಿಡಿಸುತ್ತದೆಯೇ ಎಂದು ಮೊದಲೇ ನೋಡಬೇಕು: ಒಂದು ಕೆಜಿ ಒಣ ಮಾಲ್ಟ್ ನೀರಿನಲ್ಲಿ ಸುಮಾರು 0.67 ಲೀಟರ್ ಜಾಗ ಹಿಡಿಯುತ್ತದೆ. ಕೆಜಿಗೆ 2.5 ಲೀಟರ್ ನೀರಾದರೆ 5.9 × 3.17, ಅಂದರೆ 18.7 ಲೀಟರ್. ಕಲಸಲು ಮೇಲೆ ಎರಡು-ಮೂರು ಲೀಟರ್ ಜಾಗ ಬೇಕು. ಹಿಡಿಸದಿದ್ದರೆ ಕೊರತೆಯನ್ನು ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ (ವರ್ಟನ್ನೇ ಒಣಗಿಸಿದ ಪುಡಿ) ತುಂಬಿ. ಅದು ಕೆಜಿಗೆ ಸುಮಾರು 370 ಪಾಯಿಂಟ್ ಕೊಡುತ್ತದೆ, ಹಾಗಾಗಿ ಒಂದು ಕೆಜಿಯಿಂದ 1.048ರ ಏಳೂವರೆ ಲೀಟರ್ ಹೆಚ್ಚು. ಎಕ್ಸ್‌ಟ್ರಾಕ್ಟ್ ಹಾಕುವಾಗ ಒಲೆ ಆರಿಸಿ. ಇಲ್ಲವಾದರೆ ಸ್ವಲ್ಪ ತಳ ಹಿಡಿಯುತ್ತದೆ, ಉಳಿದದ್ದು ಉಕ್ಕಿ ಹೊರಗೆ ಹೋಗುತ್ತದೆ. ಎಕ್ಸ್‌ಟ್ರಾಕ್ಟ್ ಬದಲು ಮಾಮೂಲಿ ಸಕ್ಕರೆ ಸುರಿಯುವುದು ಅಗ್ಗದ ದಾರಿ, ಆದರೆ ಒಟ್ಟು ಪಾಯಿಂಟ್‌ಗಳ ಶೇ. 10 ದಾಟಿದರೆ ಬಿಯರ್ ನೀರುನೀರಾಗುತ್ತದೆ. ಪ್ರಮಾಣ ಹೆಚ್ಚಿಸಲೆಂದೇ ಹಾಗೆ ಮಾಡುವುದು ಸರಿಯಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಹಾಪ್ಸ್‌ನಲ್ಲಿ. 24 ಲೀಟರ್‌ನಲ್ಲಿ 30 ಐಬಿಯು (ಕಹಿಯ ಅಳತೆ) ಬೇಕೆಂದರೆ 18 ಲೀಟರ್‌ನಲ್ಲಿ 40 ಇರಬೇಕು. ಅದರ ಮೇಲೆ, ವರ್ಟ್ ಗಟ್ಟಿಯಾದಷ್ಟೂ ಹಾಪ್ಸ್‌ನ ಕಹಿ ಕಡಿಮೆ ಇಳಿಯುತ್ತದೆ. ಕಹಿ ಲೆಕ್ಕ ಹಾಕುವ ಟಿನ್ಸೆತ್ ಸೂತ್ರದ ಪ್ರಕಾರ 1.048ಕ್ಕೆ ಹೋಲಿಸಿದರೆ 1.064ರಲ್ಲಿ ಶೇ. 13ರಷ್ಟು ಕಡಿಮೆ. ಆದ್ದರಿಂದ 24 ಲೀಟರ್‌ಗೆ ಎಂದು ಲೆಕ್ಕ ಹಾಕಿದ ಕಹಿ ಹಾಪ್ಸ್‌ಗೆ ಶೇ. 15 ಸೇರಿಸಿ. 18 ಲೀಟರ್‌ನ ರೆಸಿಪಿಯ ಹಾಪ್ಸನ್ನೇ ಹಾಕಿ ನೀರು ಬೆರೆಸಿದರೆ ಸಪ್ಪೆ, ಸಿಹಿ ಬಿಯರ್ ಸಿಗುತ್ತದೆ, ಮತ್ತು ತಪ್ಪು ನೀರಿನದೆಂದು ಕಾಣುತ್ತದೆ.

ಬೆರೆಸುವ ನೀರನ್ನು ಹಿಂದಿನ ದಿನವೇ ತಯಾರಿಸಿ. 15 ನಿಮಿಷ ಚೆನ್ನಾಗಿ ಕುದಿಸಿ, ಸ್ಯಾನಿಟೈಸ್ ಮಾಡಿದ ಪಾತ್ರೆಗೆ ಹಾಕಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಕುದಿಸುವುದರಿಂದ ಕ್ಲೋರಿನ್ ಹೋಗುತ್ತದೆ, ಕ್ಲೋರಮಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಲ್ಲಿ ನೀರಿನಲ್ಲಿ ಅದು ಇದ್ದರೆ ಕ್ಯಾಂಪ್ಡೆನ್ (ಸಲ್ಫೈಟ್) ಮಾತ್ರೆಯ ಚೂರು ಹಾಕಿ. ಒಂದು ಮಾತ್ರೆ ಸುಮಾರು 75 ಲೀಟರ್‌ಗೆ ಸಾಕು. ಬಿಟ್ಟರೆ ಆಸ್ಪತ್ರೆಯ ಔಷಧಿ ವಾಸನೆ ಬರುವ ಬಿಯರ್ ಗ್ಯಾರಂಟಿ.

ನೀರು ತಣ್ಣಗಿದ್ದರೆ ಕೂಲಿಂಗ್ ಕೆಲಸವೂ ಹಗುರ. 18 ಲೀಟರ್ ವರ್ಟನ್ನು 26 ಡಿಗ್ರಿಗೆ ಇಳಿಸಿ ಕಾಯಿಲ್ ನಿಲ್ಲಿಸಿ, 4 ಡಿಗ್ರಿಯ 6 ಲೀಟರ್ ನೀರು ಸುರಿದರೆ ಒಟ್ಟು 20–21 ಡಿಗ್ರಿಗೆ ಬರುತ್ತದೆ. ಕಾಯಿಲ್‌ಗೆ ಅತಿ ಹೆಚ್ಚು ಹೊತ್ತು ಹಿಡಿಯುವುದು ಈ ಕೊನೆಯ ಐದಾರು ಡಿಗ್ರಿಗಳಿಗೇ.

ಸುರಿದ ಮೇಲೆ ಸ್ಯಾನಿಟೈಸ್ ಮಾಡಿದ ಉದ್ದ ಸೌಟಿನಿಂದ ತಳದಿಂದ ಮೇಲಕ್ಕೆ ಎರಡು ನಿಮಿಷ ಕಲಸಿ. ನೀರು ಹಗುರ, ವರ್ಟ್ ಭಾರ. ಕಲಸದಿದ್ದರೆ ಎರಡೂ ಪದರವಾಗಿ ನಿಲ್ಲುತ್ತವೆ. ಮೇಲಿನಿಂದ ಸ್ಯಾಂಪಲ್ ತೆಗೆದು 1.030 ಎಂದು ಓದಿ ಗಾಬರಿಯಾಗಿ ಸಕ್ಕರೆ ಸುರಿದವರಿದ್ದಾರೆ. ಕಲಸಿ, ಅಳೆದು, ಆಮೇಲೆ ತೀರ್ಮಾನಿಸಿ. ನೀರನ್ನು ಒಮ್ಮೆಲೇ ಆರೂ ಲೀಟರ್ ಹಾಕದೆ ಐದು ಹಾಕಿ ಗ್ರಾವಿಟಿ ನೋಡುವುದು ಒಳ್ಳೆಯದು. ಹಾಕಿದ ನೀರನ್ನು ತೆಗೆಯಲಾಗುವುದಿಲ್ಲ.

ಇದನ್ನೇ ಹುದುಗಿದ ಮೇಲೂ ಮಾಡಬಹುದು: 1.064ರಲ್ಲೇ ಹುದುಗಿಸಿ, ಕೆಗ್‌ಗೆ ಹಾಕುವಾಗ ನೀರು ಸೇರಿಸುವುದು. ಫರ್ಮೆಂಟರ್ ಚಿಕ್ಕದಿದ್ದವರಿಗೆ ಆಸೆ ಹುಟ್ಟಿಸುವ ದಾರಿ. ಆದರೆ ಆ ಹಂತದಲ್ಲಿ ನೀರಿನೊಳಗಿನ ಆಮ್ಲಜನಕ ಬಿಯರನ್ನು ಹಳಸುವಂತೆ ಮಾಡುತ್ತದೆ, ಒದ್ದೆ ರಟ್ಟಿನ ರುಚಿ ಬರುತ್ತದೆ. ಕುದಿಸಿದ ನೀರನ್ನು ಅಲುಗಿಸದೆ ತಣಿಸಿ, ಕಾರ್ಬನ್ ಡೈಆಕ್ಸೈಡ್ ತುಂಬಿದ ಕೆಗ್‌ನೊಳಗೆ ತಳದಿಂದ ಬಿಡುವ ಅನುಕೂಲ ಇದ್ದರೆ ಮಾತ್ರ ಮಾಡಿ. ಹುದುಗುವ ಮೊದಲು ಬೆರೆಸಿದರೆ ಈ ತೊಂದರೆಯೇ ಇಲ್ಲ, ಆಗ ಆಮ್ಲಜನಕ ಯೀಸ್ಟ್‌ಗೆ ಬೇಕಾದದ್ದೇ.

ಒಂದೇ ದಿನ ಎರಡು ಬ್ಯಾಚ್

ಮ್ಯಾಶ್ ಟನ್ ಮತ್ತು ಕೆಟಲ್ ಬೇರೆಬೇರೆ ಇದ್ದರೆ, ಮೊದಲ ವರ್ಟ್ ಕುದಿಯುವಾಗ ಟನ್ ಖಾಲಿ ಕೂತಿರುತ್ತದೆ. ಅದನ್ನು ತೊಳೆದು ಎರಡನೇ ಮ್ಯಾಶ್ ಹಾಕಿ. ಮೊದಲನೆಯದನ್ನು ತಣಿಸಿ ಫರ್ಮೆಂಟರ್‌ಗೆ ಇಳಿಸುವ ಹೊತ್ತಿಗೆ ಎರಡನೆಯದು ಬಸಿಯಲು ತಯಾರು. ನೀರು ಕಾಯಿಸಲು ಮೂರನೇ ಪಾತ್ರೆಯೊಂದು, ಅದಕ್ಕೆ ಬೇರೆ ಒಲೆ ಬೇಕು. ಒಂದು ಬ್ಯಾಚಿಗೆ ಐದು ಗಂಟೆ ಹಿಡಿಯುವ ಕಡೆ ಎರಡಕ್ಕೆ ಏಳೆಂಟು ಗಂಟೆ ಸಾಕಾಗುತ್ತದೆ. ಮಾಲ್ಟ್ ಪುಡಿ ಮಾಡುವುದು, ಹಾಪ್ಸ್ ತೂಗುವುದು ಹಿಂದಿನ ರಾತ್ರಿಯೇ ಮುಗಿದಿರಲಿ.

ಎರಡನ್ನೂ ಒಂದೇ ದೊಡ್ಡ ಫರ್ಮೆಂಟರ್‌ಗೆ ಹಾಕುವುದಾದರೆ, ಇಡೀ ಪ್ರಮಾಣಕ್ಕೆ ಬೇಕಾದ ಯೀಸ್ಟನ್ನು ಮೊದಲ ಅರ್ಧಕ್ಕೇ ಹಾಕಿ. ಎರಡನೇ ಅರ್ಧ 24 ಗಂಟೆಯೊಳಗೆ, ಅದೇ ಉಷ್ಣಾಂಶದಲ್ಲಿ, ಚೆನ್ನಾಗಿ ಗಾಳಿಯಾಡಿಸಿ ಸೇರಬೇಕು. ತಣ್ಣನೆಯ ವರ್ಟ್ ಸುರಿದರೆ ಓಡುತ್ತಿದ್ದ ಯೀಸ್ಟ್ ಆಘಾತಗೊಂಡು ನಿಂತುಬಿಡುತ್ತದೆ.

ಫರ್ಮೆಂಟರ್ ಮತ್ತು ಯೀಸ್ಟ್

ತಿಂಗಳಿಗೆ ಎಷ್ಟು ಬಿಯರ್ ಎಂಬುದನ್ನು ನಿರ್ಧರಿಸುವುದು ಕೆಟಲ್ ಅಲ್ಲ. ಕೆಟಲ್‌ಗೆ ಕೆಲಸ ಅರ್ಧ ದಿನ, ಫರ್ಮೆಂಟರ್‌ಗೆ ಎರಡು ವಾರ. ಒಂದೇ ಫರ್ಮೆಂಟರ್‌ನಲ್ಲಿ 14 ದಿನಕ್ಕೊಮ್ಮೆ 20 ಲೀಟರ್ ತೆಗೆದರೆ ವರ್ಷಕ್ಕೆ 520 ಲೀಟರ್. ಎರಡನೆಯದನ್ನು ಇಟ್ಟ ಕೂಡಲೇ ದುಪ್ಪಟ್ಟು. ಹೊಸದಾಗಿ ಏನಾದರೂ ಕೊಳ್ಳುವುದಾದರೆ ಮೊದಲು ಇದನ್ನೇ ಕೊಳ್ಳಿ.

ತುಂಬುವಾಗ ಮೇಲೆ ಶೇ. 20–25 ಜಾಗ ಬಿಡಿ. 24 ಲೀಟರ್‌ಗೆ 30 ಲೀಟರ್ ಪಾತ್ರೆ ಹೊಂದುತ್ತದೆ. ಜಾಗ ಕಡಿಮೆಯಿದ್ದರೆ ಏರ್‌ಲಾಕ್ ಬದಲು ದಪ್ಪ ಪೈಪ್ ಹಾಕಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ತುಂಬಿದ ಜಾರ್‌ನಲ್ಲಿ ಮುಳುಗಿಸಿ. ತೆಳು ಏರ್‌ಲಾಕ್‌ಗೆ ಹಾಪ್ಸ್ ಚೂರು ಸಿಕ್ಕಿಕೊಂಡರೆ ಮುಚ್ಚಳವೇ ಚಾವಣಿಗೆ ಹಾರುತ್ತದೆ.

ಒಣ ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟ್ ಲೀಟರ್‌ಗೆ 0.5–0.8 ಗ್ರಾಂ ಬೇಕು. 24 ಲೀಟರ್‌ಗೆ 11.5 ಗ್ರಾಂನ ಎರಡು ಪೊಟ್ಟಣ, 46 ಲೀಟರ್‌ಗೆ ಮೂರು. ಲಾಗರ್‌ಗೆ (ತಣ್ಣಗೆ ಹುದುಗಿಸುವ ಬಿಯರ್) ಇದರ ದುಪ್ಪಟ್ಟು. ಪ್ರಮಾಣ ಹೆಚ್ಚಿಸಿ ಹಳೆಯ ಒಂದೇ ಪೊಟ್ಟಣ ಹಾಕಿದರೆ ಹುದುಗು ಏಳಲು ತಡವಾಗುತ್ತದೆ, ಆ ಹೊತ್ತಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ, ಕೊನೆಗೆ ಗ್ರಾವಿಟಿ 1.020ರಲ್ಲಿ ನಿಂತುಬಿಡಬಹುದು. ಹಿಂದಿನ ಬ್ಯಾಚಿನ ಗಸಿಯನ್ನೂ ಬಳಸಬಹುದು: ಕೆನೆಯಂಥ ಗಟ್ಟಿ ಗಸಿ 200–250 ಮಿಲಿ, ಸ್ಯಾನಿಟೈಸ್ ಮಾಡಿದ ಜಾರ್‌ನಲ್ಲಿ ಮುಚ್ಚಳ ಸಡಿಲವಾಗಿ ಇಟ್ಟು ಫ್ರಿಜ್ಜಿನಲ್ಲಿಟ್ಟದ್ದು, ಒಂದು-ಎರಡು ವಾರದೊಳಗೆ. ಹುಳಿ ವಾಸನೆ ಬಂದರೆ ಚೆಲ್ಲಿ.

ದೊಡ್ಡ ಪ್ರಮಾಣ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕೋಣೆ 20 ಡಿಗ್ರಿ ಇದ್ದರೂ 46 ಲೀಟರ್‌ನ ನಡುಭಾಗ ಮೂರು-ನಾಲ್ಕು ಡಿಗ್ರಿ ಹೆಚ್ಚಿರಬಹುದು. ಮೊದಲ ಮೂರು ದಿನ ಮುಖ್ಯ. ಥರ್ಮಾಮೀಟರನ್ನು ಪಾತ್ರೆಯ ಹೊರಮೈಗೆ ಅಂಟಿಸಿ, ಮೇಲೆ ಸ್ಪಂಜು ಮುಚ್ಚಿ ಓದಿ; ಕೋಣೆಯ ಗಾಳಿಯ ಉಷ್ಣಾಂಶವನ್ನು ನಂಬಬೇಡಿ.

24 ಲೀಟರ್ ಬಿಯರ್ ಹುದುಗುವಾಗ ಸುಮಾರು 450 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಎರಡು-ಮೂರು ಫರ್ಮೆಂಟರ್‌ಗಳನ್ನು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಒಟ್ಟಿಗೆ ಇಡುವುದು ಅಪಾಯ. ಗಾಳಿ ಆಡುವ ಜಾಗವೇ ಬೇಕು.

ಬೇಗ ಖಾಲಿ ಮಾಡಬೇಕೆಂದರೆ ಯೀಸ್ಟ್ ಬದಲಿಸಿ, ದಿನ ಕದಿಯಬೇಡಿ. ನಾರ್ವೆಯ ಕ್ವೈಕ್ ತಳಿಗಳಲ್ಲಿ ವೋಸ್ 35–40 ಡಿಗ್ರಿಯಲ್ಲೂ ಶುದ್ಧವಾಗಿ ಕೆಲಸ ಮಾಡಿ ಮೂರ್ನಾಲ್ಕು ದಿನದಲ್ಲಿ ಮುಗಿಸಬಲ್ಲದು, ತೆಳುವಾದ ಕಿತ್ತಳೆ ಸುವಾಸನೆ ಬಿಡುತ್ತದೆ. ಮಾಮೂಲಿ ಏಲ್ ಯೀಸ್ಟ್ ಆದರೆ ಗ್ರಾವಿಟಿ ಎರಡು-ಮೂರು ದಿನ ಒಂದೇ ಕಡೆ ನಿಂತಿರುವುದನ್ನು ನೋಡಿಯೇ ಮುಂದಿನ ಹೆಜ್ಜೆ. ಅವಸರದಲ್ಲಿ ಬಾಟಲಿಗೆ ಹಾಕಿದರೆ ಬೆಣ್ಣೆ ವಾಸನೆ ಉಳಿಯುತ್ತದೆ, ಕೆಲವೊಮ್ಮೆ ಬಾಟಲಿಯೇ ಸಿಡಿಯುತ್ತದೆ.

ದೊಡ್ಡ ಕೆಟಲ್‌ಗೇ ಹೋಗುವುದಾದರೆ

ಮೊದಲು ಶಾಖದ ಲೆಕ್ಕ. 50 ಲೀಟರನ್ನು 25ರಿಂದ 100 ಡಿಗ್ರಿಗೆ ತರಲು ಸುಮಾರು 4.4 ಯೂನಿಟ್ ವಿದ್ಯುತ್ ಬೇಕು, ಅದೂ ನಷ್ಟ ಬಿಟ್ಟು. ಬಿಸಿ ಮಾಡುವ 2 ಕಿಲೋವ್ಯಾಟ್ ಕಾಯಿಲ್‌ಗೆ ಎರಡು ಗಂಟೆಗೂ ಮೇಲೆ. ಕುದಿ ಬಂದರೂ ಜೋರಾಗಿ ಹೊರಳುವುದಿಲ್ಲ. 3.5 ಕಿಲೋವ್ಯಾಟ್ ಆದರೆ ಒಂದೂಕಾಲು ಗಂಟೆ, ಆದರೆ ಅದು 230 ವೋಲ್ಟ್‌ನಲ್ಲಿ 15 ಆಂಪಿಯರ್ ದಾಟುತ್ತದೆ. ಅದಕ್ಕೆ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, ಸೋರಿಕೆ ಕಂಡಾಗ ತಾನೇ ಬೀಳುವ ಸ್ವಿಚ್ ಇರಲೇಬೇಕು, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು.

ರೆಸಿಪಿಯನ್ನು ಎರಡರಿಂದ ಗುಣಿಸುವಾಗ ಆವಿಯ ಲೆಕ್ಕವನ್ನು ಗುಣಿಸಬೇಡಿ. ಆವಿ ಹೋಗುವುದು ಪಾತ್ರೆಯ ಬಾಯಿಯಗಲ ಮತ್ತು ಉರಿಯನ್ನು ಅವಲಂಬಿಸಿ. 20 ಲೀಟರ್‌ಗೆ ಗಂಟೆಗೆ 3 ಲೀಟರ್ ಹೋಗುತ್ತಿದ್ದರೆ 45ಕ್ಕೆ 4–5 ಹೋಗಬಹುದು, 7 ಅಲ್ಲ. ಹೊಸ ಪಾತ್ರೆಯಲ್ಲಿ ಬರೀ ನೀರನ್ನು ಒಂದು ಗಂಟೆ ಕುದಿಸಿ ಅಳೆದರೆ ಗೊಂದಲ ಮುಗಿಯಿತು. ಕೊನೆಯ ಹಾಪ್ಸನ್ನು ಸ್ವಲ್ಪ ಕಡಿಮೆ ಮಾಡಿ. ದೊಡ್ಡ ಪಾತ್ರೆ ತಣಿಯುವುದು ನಿಧಾನ, 80 ಡಿಗ್ರಿಗೆ ಇಳಿಯುವ ತನಕ ಹಾಪ್ಸ್ ಕಹಿ ಬಿಡುತ್ತಲೇ ಇರುತ್ತದೆ. 

46 ಲೀಟರ್ ವರ್ಟ್ ಪಾತ್ರೆ ಬಿಟ್ಟೇ 48 ಕೆಜಿ ತೂಗುತ್ತದೆ. ಕುದಿಯುವ ಪಾತ್ರೆಯನ್ನು ಇಬ್ಬರು ಹಿಡಿದೂ ಎತ್ತಬಾರದು. ಗಟ್ಟಿ ಸ್ಟ್ಯಾಂಡ್ ಮೇಲಿಟ್ಟು ಇಳಿಜಾರಿನಲ್ಲಿ ಹರಿಸಿ, ಇಲ್ಲವೇ ಬಿಸಿ ತಡೆಯುವ ಪಂಪ್ ಮತ್ತು ಸಿಲಿಕೋನ್ ಪೈಪ್ ಬಳಸಿ. ಬಳಸಿದ ದಿನವೇ ಪಂಪ್ ಹೆಡ್ ಬಿಚ್ಚಿ ತೊಳೆಯಿರಿ. ಸೋಂಕು ಹೆಚ್ಚಾಗಿ ಬರುವುದು ನಲ್ಲಿಯ ಒಳಗಿನ ಗೋಲದ ಹಿಂದೆ ಒಣಗಿದ ವರ್ಟ್‌ನಿಂದ. ನಲ್ಲಿಯನ್ನೂ ಆಗಾಗ ಪೂರ್ತಿ ಬಿಚ್ಚಬೇಕು.

ಬಾಟಲಿ ಮತ್ತು ಕೆಗ್

45 ಲೀಟರ್ ಅಂದರೆ 650 ಮಿಲಿಯ 69 ಬಾಟಲಿ. ಎಲ್ಲವನ್ನೂ ತೊಳೆಯುವುದೇ ಒಂದು ದಿನದ ಕೆಲಸ, ಹಾಗಾಗಿ ಈ ಮಟ್ಟಕ್ಕೆ ಬಂದ ಮೇಲೆ 19 ಲೀಟರ್‌ನ ಎರಡು ಕೆಗ್ ತುಂಬಿ, ಉಳಿದದ್ದನ್ನು ಬಾಟಲಿಗೆ ಹಾಕುವುದು ವಾಸಿ. ಬಾಟಲಿಗೆ ಹಾಕುವ ಬಿಯರ್‌ಗೆ ಲೀಟರ್‌ಗೆ 6 ಗ್ರಾಂ ಸಕ್ಕರೆ ಎಂದು ಲೆಕ್ಕ ಹಾಕಿ, ಸ್ವಲ್ಪ ನೀರಿನಲ್ಲಿ ಕುದಿಸಿ, ತಣಿಸಿ, ಖಾಲಿ ಪಾತ್ರೆಯ ತಳಕ್ಕೆ ಮೊದಲು ಹಾಕಿ. ಬಿಯರನ್ನು ಅದರ ಮೇಲೆ ಪೈಪಿನಿಂದ ಸುತ್ತಿ ಬರುವಂತೆ, ನೊರೆಯೇಳದಂತೆ ಬಿಡಿ. ಆಮೇಲೆ ಮೆಲ್ಲಗೆ ಒಂದೆರಡು ಸುತ್ತು ಕಲಸಿ. ಸಕ್ಕರೆಯ ಲೆಕ್ಕವನ್ನು ಫರ್ಮೆಂಟರ್‌ನಲ್ಲಿದ್ದ ಪ್ರಮಾಣಕ್ಕಲ್ಲ, ಗಸಿ ಬಿಟ್ಟು ಈ ಪಾತ್ರೆಗೆ ನಿಜವಾಗಿ ಬರುವ ಲೀಟರ್‌ಗೆ ಹಾಕಬೇಕು. ಇಲ್ಲವಾದರೆ ಬಾಟಲಿಯಲ್ಲಿ ಗ್ಯಾಸ್ ಬೇಕಾದ್ದಕ್ಕಿಂತ ಹೆಚ್ಚಾಗಿ, ತೆರೆದಾಗ ಉಕ್ಕಬಹುದು.